ನಮ್ಮ ಮೇಲ್‌ನ ಪಾಸ್‌ವರ್ಡ್ ಯಾರ ಹತ್ತಿರ?

2025ರ ಅಕ್ಟೋಬರ್ 8ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ತಾವು ಜೋಹೊ ಮೇಲ್‌ಗೆ ಬದಲಾಗಿರುವುದಾಗಿ ಎಕ್ಸ್‌ನಲ್ಲಿ ತಿಳಿಸಿದರು. ಆಮೇಲೆ ಕೆಲವು ದಿನ ಎಲ್ಲಿ ನೋಡಿದರೂ ಅದೇ ಸುದ್ದಿ. ಚುಂಚನಕಟ್ಟೆಯಲ್ಲಿ ನಮ್ಮ ಅಬ್ಬಾಗೆ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ತಾಮ್ರದ ತಂತಿ ಸುತ್ತುತ್ತಲೇ ಮೊಬೈಲ್‌ನಲ್ಲಿ ಸುದ್ದಿ ಕೇಳುವುದು ಅವರ ಅಭ್ಯಾಸ. ಒಂದು ರಾತ್ರಿ ಊಟಕ್ಕೆ ಕೂತಾಗ, "ಬೇಟಾ, ಎಲ್ಲರೂ ಮೇಲ್ ಬದಲಾಯಿಸ್ತಿದ್ದಾರಂತೆ, ನಮ್ಮದೂ ಬದಲಾಯಿಸಿಬಿಡು" ಅಂದರು.

ಜೋಹೊ ಚೆನ್ನೈನ ಕಂಪನಿ. 1996ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಯಿತು. ಅದರ ಮೇಲ್ ಬಂದದ್ದು 2008ರಲ್ಲಿ. ಅಂದರೆ ಅದಕ್ಕೂ ನನಗೂ ಒಂದೇ ವಯಸ್ಸು. ಸುದ್ದಿಯಲ್ಲಿ ಮಾತ್ರ ನಿನ್ನೆ ಹುಟ್ಟಿದ ಮಗುವಿನ ಹಾಗೆ ತೋರಿಸುತ್ತಿದ್ದರು.

ಬದಲಾಯಿಸಲು ಮೊದಲು ಹಳೆಯ ಮೇಲ್ ತೆರೆಯಬೇಕಲ್ಲ? ಅಲ್ಲೇ ಸಿಕ್ಕಿಹಾಕಿಕೊಂಡೆ. ನಾನು ಎಸ್.ಎಸ್.ಎಲ್.ಸಿ.ಯಲ್ಲಿದ್ದಾಗ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೋಗಿದ್ದ ಸೈಬರ್ ಅಂಗಡಿಯಲ್ಲಿ ಒಬ್ಬ ಅಣ್ಣ ಆ ಮೇಲ್ ಮಾಡಿಕೊಟ್ಟಿದ್ದರು. ಪಾಸ್‌ವರ್ಡ್ ನಮಗೆ ಗೊತ್ತಿಲ್ಲ. ಮರೆತರೆ ಓಟಿಪಿ ಹೋಗುವುದೂ ಅವರದೇ ನಂಬರಿಗೆ. ಅಂಗಡಿ ಮುಚ್ಚಿ ವರ್ಷವಾಗಿದೆ, ಅವರು ಈಗ ಬೆಂಗಳೂರಿನಲ್ಲಿದ್ದಾರೆ. ಅಮ್ಮಿ ಪರಿಚಯದವರ ಮನೆಗೆ ಹೋಗಿ ನಂಬರ್ ತಂದರು. ಫೋನ್ ಮಾಡಿದೆ. ಪಾಪ, ಬೇಜಾರು ಮಾಡಿಕೊಳ್ಳದೆ ಓಟಿಪಿ ಓದಿ ಹೇಳಿದರು.

ತೆರೆದರೆ ಸಾವಿರಕ್ಕೂ ಹೆಚ್ಚು ಓದದ ಮೇಲ್‌ಗಳು. ಸಾಲ ಬೇಕೇ, ಕೆಲಸ ಬೇಕೇ, ಆಫರ್ ಮುಗಿಯುತ್ತಿದೆ. ಅವುಗಳ ನಡುವೆ ಆ ವಿದ್ಯಾರ್ಥಿವೇತನದವರ ಪತ್ರ ಒಂದಿತ್ತು. ಆಧಾರ್‌ನಲ್ಲಿ ನನ್ನ ಹೆಸರಿನ ಕೊನೆಗೆ 'ಬಾನು' ಇದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇಲ್ಲ. ಹದಿನೈದು ದಿನದಲ್ಲಿ ಸರಿಪಡಿಸಿ ಕಳುಹಿಸಿ ಎಂದು ಬರೆದಿದ್ದರು. ಆ ಹದಿನೈದು ದಿನ ಮುಗಿದು ಎರಡು ವರ್ಷವೇ ಆಗುತ್ತಾ ಬಂದಿತ್ತು. ನಮ್ಮ ಮನೆಯಲ್ಲಿ ಇಷ್ಟು ದಿನ 'ನಮಗೆಲ್ಲಿ ಕೊಡ್ತಾರೆ' ಅಂದುಕೊಂಡು ಸುಮ್ಮನಿದ್ದೆವು. ಅಬ್ಬಾಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಹೋಗಿ ಕೈ ತೊಳೆದರು. ತಟ್ಟೆಯಲ್ಲಿ ಇನ್ನೂ ಅನ್ನ ಇತ್ತು.

ಹೊಸ ಮೇಲ್ ಬಂತು ಅಂದರೆ ಇಷ್ಟು ಗದ್ದಲ ಆಗುವುದು ಇದೇ ಮೊದಲಲ್ಲ ಎಂದು ಆಮೇಲೆ ಕಂಪ್ಯೂಟರ್ ಸರ್ ಹೇಳಿದರು. 2014ರಲ್ಲಿ ಗೂಗಲ್ 'ಇನ್‌ಬಾಕ್ಸ್' ಎಂಬ ಆ್ಯಪ್ ತಂದಾಗ ಅದು ಆಹ್ವಾನ ಇದ್ದವರಿಗೆ ಮಾತ್ರ ಸಿಗುತ್ತಿತ್ತಂತೆ. ಮೇಲ್‌ಗಳನ್ನು ತಾನೇ ಗುಂಪು ಮಾಡುತ್ತದೆ, ಬೇಕಾದಾಗ ನೆನಪಿಸುತ್ತದೆ ಎಂದು ಎಲ್ಲರೂ ಹೊಗಳಿದರಂತೆ. 2019ರಲ್ಲಿ ಗೂಗಲ್ಲೇ ಅದನ್ನು ಮುಚ್ಚಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ ಸಬೀರ್ ಭಾಟಿಯಾ ತಮ್ಮ ಜೊತೆಗಾರನೊಂದಿಗೆ 1996ರಲ್ಲಿ ಹಾಟ್‌ಮೇಲ್ ಶುರು ಮಾಡಿದರು. ಮರುವರ್ಷ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರ್‌ಗೆ ಕೊಂಡಿತು. ಪುಕ್ಕಟೆ ಕೊಡುವ ಮೇಲ್‌ಗೆ ಅಷ್ಟು ಬೆಲೆಯೇ? ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಲೆಕ್ಕ ಮಾಡುವಾಗ ನನಗೆ ಈಗಲೂ ಇದೇ ನೆನಪಾಗುತ್ತದೆ. ಕೊಂಡದ್ದು ಅದನ್ನು ಬಳಸುವ ಜನರನ್ನು, ಅಂದರೆ ನಮ್ಮಂಥವರನ್ನೇ ಇರಬೇಕು.

ಜೋಹೊ ಚೆನ್ನಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿಯೇ ಇದೆ. ಆದರೆ ಅಷ್ಟು ದಿನ ಸುದ್ದಿ ನೋಡಿದರೂ, ನಿಮ್ಮ ಈಗಿನ ಮೇಲ್‌ನಲ್ಲಿ ಯಾರ ನಂಬರ್ ಇದೆ ನೋಡಿಕೊಳ್ಳಿ ಎಂದು ಒಬ್ಬರೂ ಹೇಳಿದ್ದು ನಾನು ಕೇಳಲಿಲ್ಲ. ನಮ್ಮ ಕ್ಲಾಸಿನಲ್ಲಿ ಕೇಳಿ ನೋಡಿದೆ. ನನ್ನ ಬೆಂಚಿನ ನಾಲ್ವರಲ್ಲಿ ಇಬ್ಬರಿಗೆ ತಮ್ಮ ಮೇಲ್‌ನ ಪಾಸ್‌ವರ್ಡ್ ಗೊತ್ತಿರಲಿಲ್ಲ.

ಹಳೆಯ ಮೇಲ್‌ಗೆ ಈಗ ಅಬ್ಬಾ ನಂಬರ್ ಹಾಕಿದ್ದೇನೆ. ಪಾಸ್‌ವರ್ಡನ್ನು ಅಮ್ಮಿ ರೇಷನ್ ಕಾರ್ಡ್ ಇಡುವ ಡಬ್ಬದಲ್ಲಿ ಇಟ್ಟಿದ್ದಾರೆ. ಪಾಸ್‌ಬುಕ್‌ಗೆ 'ಬಾನು' ಸೇರಿಸಲು ಬ್ಯಾಂಕಿಗೆ ಎರಡು ಸಲ ಹೋಗಿಬಂದೆವು, ಈ ವರ್ಷದ ಅರ್ಜಿಯೂ ಹೋಯಿತು. ಅಬ್ಬಾ ಹೇಳಿದರೆಂದು ಜೋಹೊದಲ್ಲೂ ಒಂದು ಖಾತೆ ತೆರೆದೆ. ಇಲ್ಲಿಯವರೆಗೆ ಅದಕ್ಕೆ ಬಂದಿರುವುದು ಕಂಪನಿಯ ಸ್ವಾಗತ ಪತ್ರ ಒಂದೇ.