ಆಟದ ಮನೆಯ ಮಾರ್ಜಾಲ

ಹಿತೋಪದೇಶದ ಮಾರ್ಜಾಲವು ಕುರುಡಾದ ಮುದಿಹದ್ದಿನ ಆಶ್ರಯವನ್ನು ಪಡೆದುದು ಬಲದಿಂದಲ್ಲ, ಸವಿಮಾತಿನಿಂದ. ಗಂಗಾಸ್ನಾನ, ಚಾಂದ್ರಾಯಣವ್ರತ, ಅಹಿಂಸಾಧರ್ಮ, ಇವನ್ನೇ ಅದು ಆಡುತ್ತಿದ್ದಿತು. ಒಂದೊಂದು ವಾಕ್ಯವನ್ನೂ ಬಿಡಿಯಾಗಿ ಪರೀಕ್ಷಿಸಿದರೆ ದೋಷವೇ ಕಾಣದು. ಆದಾಗ್ಯೂ ಮರದ ಮೇಲಿನ ಹಕ್ಕಿಮರಿಗಳು ಒಂದೊಂದಾಗಿ ಇಲ್ಲವಾದುವು. ಬಹುಕಾಲ ಈ ಕಥೆಯನ್ನು ಬಾಲಕರಿಗೆ ಪಾಠ ಹೇಳಿದ ನಮಗೆ, ಮೊಬೈಲಿನ ಆಟಗಳ ವಿಷಯವನ್ನು ತಿಳಿಯಹೊರಟಾಗ ಅದೇ ನೆನಪಿಗೆ ಬಂದಿತು.

ರೋಬ್ಲಾಕ್ಸ್ ಮೊದಲಾದ ಆಟಗಳಲ್ಲಿ ಆಡುವವರು ಪರಸ್ಪರ ಬರೆದು ಮಾತಾಡುವ ಅನುಕೂಲವುಂಟು. ಹನ್ನೆರಡು ವರ್ಷದವನೆಂದು ಹೇಳಿಕೊಳ್ಳುವವನು ನಲವತ್ತರವನಾಗಿರಬಹುದು. ಅಂಥವನ ನಡೆಗೆ ಸಾಮಾನ್ಯವಾಗಿ ಒಂದು ಕ್ರಮವಿರುವುದು. ಮೊದಲು ಮಗುವಿನ ಆಟವನ್ನು ಹೊಗಳುವನು; ಆಟದಲ್ಲಿ ಚಲಾವಣೆಯಾಗುವ ಹಣವನ್ನು ಉಡುಗೊರೆಯಾಗಿ ಕೊಡುವನು. ಅನಂತರ, 'ಅಪ್ಪ ಅಮ್ಮ ಹತ್ತಿರದಲ್ಲಿದ್ದಾರೆಯೇ? ಈ ಫೋನನ್ನು ಮತ್ತಾರು ನೋಡುತ್ತಾರೆ?' ಎಂದು ವಿಚಾರಿಸುವನು. ಬಳಿಕ, 'ಇಲ್ಲಿ ಬೇಡ, ಬೇರೆ ಕಡೆ ಮಾತಾಡೋಣ. ಇದು ನಮ್ಮಿಬ್ಬರ ಗುಟ್ಟು' ಎನ್ನುವನು. ಭಾವಚಿತ್ರವನ್ನು ಬೇಡುವುದೂ, ಅದು ಕೈಸೇರಿದ ಮೇಲೆ ಬೆದರಿಸುವುದೂ ಕೊನೆಯ ಮೆಟ್ಟಿಲುಗಳು.

ಕೆಟ್ಟ ಪದಗಳ ಪಟ್ಟಿಯನ್ನಿಟ್ಟುಕೊಂಡು ಹುಡುಕಿದರೆ ಇಂಥವನು ಸಿಕ್ಕುವುದಿಲ್ಲವೆಂಬುದನ್ನು ಗಣಕಶಾಸ್ತ್ರಜ್ಞರೂ ಬಲ್ಲರು. 2012ರಲ್ಲಿ ರೋಮ್ ನಗರದ ವಿದ್ವತ್ಸಮ್ಮೇಳನವೊಂದರ ಅಂಗವಾಗಿ, ಸಂಭಾಷಣೆಗಳ ರಾಶಿಯಿಂದ ಇವರನ್ನು ಯಂತ್ರದ ಮೂಲಕ ಗುರುತಿಸುವ ಸ್ಪರ್ಧೆಯು ನಡೆಯಿತು. 2020ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಇತರರೊಡಗೂಡಿ ಹೊರತಂದ 'ಆರ್ಟೆಮಿಸ್' ಎಂಬ ಸಾಧನವು ಸಂಭಾಷಣೆಯ ಲಕ್ಷಣಗಳನ್ನು ನೋಡಿ ಶಂಕೆಗೆ ಅಂಕ ಕೊಡುವುದು. ಅಂಕ ಹೆಚ್ಚಾದುದನ್ನು ಮನುಷ್ಯರು ಓದಿ ತೀರ್ಮಾನಿಸುವರು. 2025ರಲ್ಲಿ ರೋಬ್ಲಾಕ್ಸ್‌ನವರು ಪ್ರಕಟಿಸಿದ 'ಸೆಂಟಿನೆಲ್' ಎಂಬುದು ಬಿಡಿಮಾತನ್ನಲ್ಲ, ದಿನಕಳೆದಂತೆ ಮಾತು ಸಾಗುವ ದಿಕ್ಕನ್ನು ಗಮನಿಸುವುದು. ಆದರೆ ಮಾತುಕತೆಯು ಆಟವನ್ನು ಬಿಟ್ಟು ಬೇರೆಡೆಗೆ ಹೋಯಿತೆಂದರೆ ಆಟದ ಕಾವಲಿಗೆ ಅದು ಕಾಣದು. ಅಲ್ಲಿಂದ ಮುಂದೆ ಕಾಣಬೇಕಾದವರು ಮನೆಯವರೇ.

ಹಿರಿಯರು ಬಂದೊಡನೆ ಪರದೆಯನ್ನು ಮರೆಮಾಡುವುದು, ನಡುರಾತ್ರಿಯಲ್ಲಿ ಬರೆಯುವುದು, ಕೊಟ್ಟವರಾರೆಂದು ಹೇಳದ ಉಡುಗೊರೆಗಳು, ಇವು ಮನೆಯವರಿಗೆ ಕಾಣುವ ಕುರುಹುಗಳು. ಇವನ್ನು ಕಂಡಾಗ ಗದರಿಸಿ ಫೋನನ್ನು ಕಸಿದುಕೊಳ್ಳುವುದು ನಮ್ಮಲ್ಲಿ ರೂಢಿ. ಅದರಿಂದ ದುಷ್ಟನಿಗೇ ಉಪಕಾರ. 'ಮನೆಯಲ್ಲಿ ಹೇಳಿದರೆ ಬೈಗುಳವೆಲ್ಲ ನಿನಗೇ' ಎಂದು ಅವನು ಹೆದರಿಸಿದ್ದರೆ, ಅವನ ಮಾತನ್ನು ನಾವೇ ನಿಜಮಾಡಿದಂತಾಗುವುದು. ಆದುದರಿಂದ ಮಗುವನ್ನು ಹತ್ತಿರ ಕುಳ್ಳಿರಿಸಿಕೊಂಡು ಕೇಳತಕ್ಕದ್ದು. ಬಂದ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಮಕ್ಕಳ ಸಹಾಯವಾಣಿಯಾದ 1098ಕ್ಕಾಗಲಿ ಪೊಲೀಸರಿಗಾಗಲಿ ತಿಳಿಸತಕ್ಕದ್ದು. ಕಾಮೋದ್ದೇಶದಿಂದ ಮಗುವನ್ನು ಇಂಥ ಸಾಧನಗಳ ಮೂಲಕ ಪದೇ ಪದೇ ಸಂಪರ್ಕಿಸುವುದೂ 2012ರ ಪೋಕ್ಸೋ ಕಾಯಿದೆಯಂತೆ ಅಪರಾಧವೇ.

'ಯಾರಾದರೂ ಮನೆಯಲ್ಲಿ ಹೇಳಬೇಡವೆಂದರೆ, ಅದನ್ನೇ ಮೊದಲು ನಮಗೆ ಹೇಳು' ಎಂದು ನಾವು ಮೊಮ್ಮಗನಿಗೆ ಹೇಳಿದೆವು. 'ಹೇಳಿದರೆ ಫೋನ್ ಕಿತ್ತುಕೊಳ್ಳುವುದಿಲ್ಲ ತಾನೆ, ತಾತ?' ಎಂದು ಅವನು ಕೇಳಿದನು. ಮಕ್ಕಳ ಬಾಯಿಗೆ ಬೀಗ ಹಾಕುವ ಭಯವು ಯಾವುದೆಂದು ವಾಚಕರು ಇದರಿಂದ ತಿಳಿಯಬಹುದು. ಕಿತ್ತುಕೊಳ್ಳುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ. ಕೊಟ್ಟ ಮಾತಿಗೆ ತಪ್ಪದೆ ನಡೆಯುವುದು ಹಿರಿಯರಾದ ನಮ್ಮ ಹೊಣೆ.