ಗೂಬೆಗೂ ಒಂದು ಆಸರೆ: ಕೃಷ್ಣಾ ತೀರದಲ್ಲೊಂದು ಸಂಚಾರ

ಮನೆಯ ಮಾಳಿಗೆಯ ಮೇಲೆ ಗೂಬೆ ಕುಳಿತರೆ ಕೇಡು, ಹಾಲಕ್ಕಿ ನುಡಿದರೆ ಶುಭ ಎಂಬ ನಂಬಿಕೆ ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ನಸುಕಿನಲ್ಲಿ ಬುಡಬುಡಿಕೆಯವನು ಬಾಗಿಲಿಗೆ ಬಂದು, ಹಾಲಕ್ಕಿ ಒಳ್ಳೆಯದನ್ನೇ ನುಡಿದಿದೆಯೆಂದು ಸಾರಿದರೆ ತಾಯಂದಿರು ಮೊರದಲ್ಲಿ ಜೋಳ ತಂದು ನೀಡುತ್ತಾರೆ. ಅದೇ ಮನೆಯ ಮಕ್ಕಳು ಸಂಜೆ ಮರದ ಪೊಟರೆಯಿಂದ ಇಣುಕಿದ ಗೂಬೆಗೆ ಕಲ್ಲು ಬೀರಿದರೆ ಯಾರೂ ತಡೆಯುವುದಿಲ್ಲ. ವಿಚಾರಿಸಿ ನೋಡಿದರೆ ಹಾಲಕ್ಕಿಯೂ ಗೂಬೆಯ ಕುಲದ್ದೇ ಆಗಿದೆ. ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ, ಹಳದಿ ಕಣ್ಣಿನ ಆ ಚಿಕ್ಕ ಹಕ್ಕಿಯ ಹೆಸರಿನಲ್ಲಿ ಜೋಳ ಬುಡಬುಡಿಕೆಯವನಿಗೆ ಸಲ್ಲುತ್ತದೆ. ಕಲ್ಲು ಮಾತ್ರ ಹಕ್ಕಿಗೆ ಸಲ್ಲುತ್ತದೆ.

ಶಕುನ, ತಿಥಿ, ವಾರ, ನಕ್ಷತ್ರಗಳ ಭಯವನ್ನು ಜನಮನದಿಂದ ಕಿತ್ತೊಗೆಯಲು ಹನ್ನೆರಡನೆಯ ಶತಮಾನದ ಶರಣರು ಪಟ್ಟ ಶ್ರಮ ಸರ್ವವಿದಿತವಾದುದು. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬುದನ್ನು ಅವರು ಧರ್ಮದ ಬುಡವನ್ನಾಗಿಯೇ ಇಟ್ಟರು. ಆ ದಯೆಯು ಗೂಬೆಯ ಬಳಿ ಬಂದಾಗ ಏಕೆ ಹಿಂಜರಿಯಬೇಕು? ಈ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳನ್ನು ಒಮ್ಮೆ ಸುತ್ತಿಬರೋಣ. ಪ್ರವಚನ, ಪುರಾಣಗಳ ನಿಮಿತ್ತ ಈ ದಾರಿಗಳಲ್ಲಿ ನಾವು ಹಲವು ವರ್ಷಗಳಿಂದ ಓಡಾಡಿದ್ದೇವೆ. ಕಣ್ಣಿಟ್ಟು ನೋಡುವವರಿಗೆ ಇಲ್ಲಿ ಮನುಷ್ಯರ ಜೊತೆಗೆ ಇನ್ನೊಂದು ದೊಡ್ಡ ಸಂಸಾರ ವಾಸವಾಗಿರುವುದು ಕಂಡುಬರುತ್ತದೆ.

ನಿಪ್ಪಾಣಿಯಿಂದ ಅಥಣಿಯವರೆಗೆ

ನಿಪ್ಪಾಣಿಯೆಂದೊಡನೆ ನೆನಪಾಗುವುದು ತಂಬಾಕು. ಹಳೆಯ ವಖಾರಿಗಳು, ಕಲ್ಲು ಮಣ್ಣಿನ ದಪ್ಪ ಗೋಡೆಯ ವಾಡೆಗಳು, ಹಾಳುಬಿದ್ದ ಬಾವಿಗಳು, ಗುಡಿಯ ಶಿಖರದ ಸಂದುಗಳು, ಇಂತಹ ಎಡೆಗಳೇ ಕಣಜ ಗೂಬೆಗೆ ಪ್ರಿಯವಾದವು. ಬೆಳ್ಳಗಿನ, ವೀಳ್ಯದೆಲೆಯಾಕಾರದ ಮುಖದ ಈ ಹಕ್ಕಿ ಹಾರುವಾಗ ರೆಕ್ಕೆಯ ಸಪ್ಪಳವೇ ಇರುವುದಿಲ್ಲ. ಅದರ ಎರಡು ಕಿವಿಗಳು ಸಮಾನ ಎತ್ತರದಲ್ಲಿಲ್ಲದಿರುವುದರಿಂದ ಕತ್ತಲಲ್ಲಿಯೂ ಸದ್ದೊಂದನ್ನೇ ಹಿಡಿದು ಇಲಿಯಿರುವ ತಾವನ್ನು ಅದು ಕರಾರುವಾಕ್ಕಾಗಿ ಅರಿಯಬಲ್ಲದು. ಹಗೇವು, ಕಣಜಗಳ ಕಾಲದಲ್ಲಿ ಒಕ್ಕಲಿಗನ ಧಾನ್ಯಕ್ಕೆ ಸಂಬಳವಿಲ್ಲದ ಕಾವಲುಗಾರನಾಗಿದ್ದುದರಿಂದಲೇ ಅದಕ್ಕೆ ಈ ಹೆಸರು ಒಪ್ಪುತ್ತದೆ.

ಚಿಕ್ಕೋಡಿಯ ಕಡೆ ಹೊರಟರೆ ನೀರಿನ ನಾಡು. ವೇದಗಂಗೆಯು ದೂಧಗಂಗೆಯನ್ನು ಕೂಡಿ, ದೂಧಗಂಗೆಯು ಕಲ್ಲೋಳದ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಯಡೂರಿನ ವೀರಭದ್ರನ ದರ್ಶನಕ್ಕೆ ಬರುವ ಭಕ್ತರು ದಂಡೆಯ ಮರಗಳತ್ತ ಒಮ್ಮೆ ಕಣ್ಣೆತ್ತಿ ನೋಡಬೇಕು. ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆಗಳು ಅಲ್ಲಿಯ ನಿತ್ಯನಿವಾಸಿಗಳು. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ಮಾಯಕ್ಕದೇವಿಯ ಜಾತ್ರೆ ನೆರೆಯುವ ಹೊತ್ತು, ಹಾಲಕ್ಕಿಗಳು ಪೊಟರೆಗಳಲ್ಲಿ ಮೊಟ್ಟೆಯಿಟ್ಟು ಮರಿಮಾಡುವ ಕಾಲವೂ ಹೌದು. ಕಾಗವಾಡ ತಾಲೂಕಿನ ಉಗಾರ, ಶೇಡಬಾಳಗಳನ್ನು ದಾಟಿ ಅಥಣಿಗೆ ಬಂದರೆ ಮುರುಘೇಂದ್ರ ಶಿವಯೋಗಿಗಳು ತಪಗೈದ ಗಚ್ಚಿನ ಮಠದ ಶಾಂತಿ. ಅಥಣಿಯಿಂದ ಮೂಡಲಿಗೆ ಹೋದಂತೆ ಭೂಮಿ ಒಣಗುತ್ತದೆ. ಕಲ್ಲು ಕೊರಕಲಿನ ಅಂತಹ ಬಯಲು ಕೊಂಬಿನ ಗೂಬೆಗೆ ಒಗ್ಗುವಂತಹುದು. ತಲೆಯ ಮೇಲೆ ಕೊಂಬಿನಂತೆ ಕಾಣುವುವು ವಾಸ್ತವವಾಗಿ ಗರಿಯ ಕುಚ್ಚುಗಳು.

ಈ ಸಂಸಾರಕ್ಕೆ ಇಂದು ನಾಲ್ಕು ಕಡೆಯಿಂದ ಸಂಕಟ ಒದಗಿದೆ. ರಸ್ತೆ ಅಗಲಿಸುವಾಗ ಪೊಟರೆಯುಳ್ಳ ಹಳೆಯ ಆಲ, ಹುಣಸೆ, ಮಾವುಗಳು ಉರುಳುತ್ತವೆ. ವಾಡೆಗಳ ಜಾಗದಲ್ಲಿ ಸಂದಿಲ್ಲದ ಸಿಮೆಂಟಿನ ಮನೆಗಳು ಏಳುತ್ತವೆ. ಕಬ್ಬು ಕಡಿದ ಮೇಲೆ ರವದಿಗೆ ಇಟ್ಟ ಬೆಂಕಿಯಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಮೊಟ್ಟೆ ಮರಿಗಳನ್ನು ಕಳೆದುಕೊಳ್ಳುತ್ತವೆ. ಇಲಿಗೆ ಇಟ್ಟ ವಿಷ ಇಲಿಯ ಹೊಟ್ಟೆಯಿಂದ ಗೂಬೆಯ ಹೊಟ್ಟೆಗೆ ಸೇರುತ್ತದೆ. ಇದರ ಮೇಲೆ ೨೦೦೫, ೨೦೧೯, ೨೦೨೧ರ ಮಹಾಪೂರಗಳು ದಂಡೆಯ ಊರುಗಳನ್ನೇ ಮುಳುಗಿಸಿದವು. ದನಕರುಗಳಿಗೆ ಗಂಜಿಕೇಂದ್ರದ ಪಕ್ಕದಲ್ಲಿ ಮೇವು ದೊರೆಯಿತು. ಹಕ್ಕಿಗಳ ಲೆಕ್ಕವನ್ನು ಯಾರು ಇಟ್ಟಾರು?

ಮನುಷ್ಯನ ದುರಾಸೆ ಇವೆಲ್ಲಕ್ಕಿಂತ ಕ್ರೂರವಾದುದು. ಮಾಟ ಮಂತ್ರದ ಹೆಸರಿನಲ್ಲಿ ಗೂಬೆಗಳನ್ನು ಹಿಡಿದು ಮಾರುವ ವ್ಯವಹಾರ ದೇಶದ ತುಂಬ ನಡೆಯುತ್ತಿರುವುದನ್ನು ೨೦೧೦ರಲ್ಲಿ ಟ್ರಾಫಿಕ್ ಇಂಡಿಯಾ ಸಂಸ್ಥೆಯ ವರದಿಯು ಬಯಲಿಗೆ ತಂದಿತು. ದೀಪಾವಳಿಯ ಸುಮಾರಿಗೆ ಈ ದಂಧೆ ಹೆಚ್ಚುತ್ತದೆ. ವಂಗದೇಶದಲ್ಲಿ ಲಕ್ಷ್ಮಿಯ ವಾಹನವೆಂದು ಪೂಜಿಸಲ್ಪಡುವ ಹಕ್ಕಿಯನ್ನು ಲಕ್ಷ್ಮಿಯ ಹಬ್ಬದಲ್ಲಿಯೇ ಬಲಿಗೊಡುವುದು ಎಂತಹ ವಿಪರ್ಯಾಸ!

ಎರಡು ಊರುಗಳ ಪಾಠ

ರಾಯಬಾಗದಿಂದ ತೆಂಕಲಿಗೆ ಇಳಿದರೆ ಗೋಕಾಕ ತಾಲೂಕಿನ ಧೂಪದಾಳ. ಘಟಪ್ರಭೆಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡಿನ ಹಿನ್ನೀರು ೧೯೭೪ರಲ್ಲಿ ಪಕ್ಷಿಧಾಮವೆಂದು ಘೋಷಿತವಾಯಿತು. ಸುಮಾರು ೨೯ ಚದರ ಕಿಲೋಮೀಟರಿನ ಈ ತಾಣಕ್ಕೆ ಚಳಿಗಾಲದಲ್ಲಿ ದೂರದೇಶಗಳಿಂದ ಕೊಕ್ಕರೆಗಳು ಬರುತ್ತವೆ. ಸರಕಾರದ ರಕ್ಷಣೆಯಿಂದ ಏನಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ಆದರೆ ರೆಕ್ಕೆ ಮುರಿದು ಹಿತ್ತಲಿಗೆ ಬಿದ್ದ ಹಕ್ಕಿ ಧೂಪದಾಳದವರೆಗೆ ನಡೆದುಹೋಗಲಾರದು. ಅದಕ್ಕೆ ಬೇಕಾದುದು ಬಿದ್ದ ಊರಿನಲ್ಲಿಯೇ ಆಸರೆ.

ಅಂತಹ ಆಸರೆಯನ್ನು ಕಾಣಬೇಕಾದರೆ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ಶಿಂಷಾ ನದಿಗೆ ಸಮೀಪದ ಈ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ಊರವರು ಅವುಗಳನ್ನು ಕಾಣುತ್ತಾರೆ. ೧೯೭೬ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ಮಹತ್ವವನ್ನು ಹೊರಲೋಕಕ್ಕೆ ತಿಳಿಸಿದರು. ಹಕ್ಕಿಗಳಿಗಾಗಿ ಹುಣಸೆಯ ಫಸಲನ್ನು ಬಿಟ್ಟುಕೊಟ್ಟ ಒಕ್ಕಲಿಗರಿಗೆ ಅರಣ್ಯ ಇಲಾಖೆಯು ಪರಿಹಾರ ಕೊಡುವ ಪದ್ಧತಿ ಬಂದಿತು. ಮರದಡಿ ಬೀಳುವ ಹಿಕ್ಕೆಯು ಕೆರೆಗೋಡಿನೊಡನೆ ಬೆರೆತು ಹೊಲಕ್ಕೆ ಗೊಬ್ಬರವಾಗುತ್ತಿತ್ತು.

ಗೂಡಿನಿಂದ ಜಾರಿಬಿದ್ದ ಮರಿಯನ್ನು ತಾಯಿಹಕ್ಕಿ ನೆಲಕ್ಕಿಳಿದು ಸಾಕಲಾರದು. ನಾಯಿಗೋ ಹಸಿವಿಗೋ ಅದು ತುತ್ತಾಗಬೇಕು. ಇದನ್ನು ಕಂಡು ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಕೆ. ಮನು ಅವರೂ ಊರಿನ ಯುವಕರೂ ಸೇರಿ ೧೯೯೪ರಲ್ಲಿ 'ಹೆಜ್ಜಾರ್ಲೆ ಬಳಗ'ವನ್ನು ಕಟ್ಟಿದರು. ಬಿದ್ದ ಮರಿಗಳನ್ನು ತಂದು ಬೇಲಿಯೊಳಗಿಟ್ಟು, ಮೀನು ಉಣಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಡುವುದೇ ಆ ಬಳಗದ ಕಾಯಕ. ೨೦೦೭ರಲ್ಲಿ ಸರಕಾರವು ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಮೊದಲು ಊರವರ ಕೈ ಮುಂದೆ ಬಂದಿತು; ಸರಕಾರದ ಮುದ್ರೆ ಆಮೇಲೆ ಬಿದ್ದಿತು. ಈ ಕ್ರಮವನ್ನು ನಮ್ಮ ಓದುಗರು ಗಮನಿಸಬೇಕು.

ಅನ್ನದ ಪ್ರಶ್ನೆ

ನಮ್ಮ ಕಡೆಯ ಮನೆಗಳಲ್ಲಿ ಇಲ್ಲಿಯೇ ಒಂದು ತೊಡಕು ಏಳುತ್ತದೆ. ಮಕ್ಕಳು ಟವೆಲ್ಲಿನಲ್ಲಿ ಸುತ್ತಿ ತಂದ ಗೂಬೆಯ ಮರಿಯನ್ನು ತೋರಿಸಿ, "ಅಜ್ಜಾರ, ಇದಕ್ಕ ಏನ್ ತಿನ್ನಾಕ ಕೊಡೂಣ್ರಿ?" ಎಂದು ಹಲವು ಊರುಗಳಲ್ಲಿ ನಮ್ಮನ್ನು ಕೇಳಿದ್ದಾರೆ. ಮನೆಯ ತಾಯಿ ಪ್ರೀತಿಯಿಂದ ಹಾಲು ಅನ್ನ ತರುತ್ತಾಳೆ. ಆದರೆ ಹಾಲು ಹಕ್ಕಿಗೆ ಜೀರ್ಣವಾಗದು. ಅನ್ನ ಗೂಬೆಯ ಆಹಾರವಲ್ಲ. ಅದಕ್ಕೆ ಬೇಕಾದುದು ಇಲಿ, ಓತಿ, ಹುಳಹುಪ್ಪಟೆ. ಬರಿಯ ಮಾಂಸದ ತುಂಡೂ ಸಾಲದು. ಎಲುಬು, ಕೂದಲು ಸಹಿತ ನುಂಗಿ, ಅರಗದುದನ್ನು ಉಂಡೆಮಾಡಿ ಉಗುಳುವುದು ಅದರ ಸ್ವಭಾವ. ಎಲುಬಿನ ಸತ್ತ್ವ ದೊರೆಯದ ಮರಿ ಕಾಲು ಸೊಟ್ಟಗಾಗಿ ನರಳುತ್ತದೆ. ಸಸ್ಯಾಹಾರವನ್ನು ವ್ರತವಾಗಿ ನಡೆಸುವ ಮನೆಯವರು ಏನು ಮಾಡಬೇಕು?

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ದೆಹಲಿಯ ಕೆಂಪುಕೋಟೆಯ ಎದುರಿನ ಜೈನ ಪಕ್ಷಿ ಆಸ್ಪತ್ರೆಯು ಅಸಂಖ್ಯ ಪಾರಿವಾಳ, ಗಿಳಿಗಳಿಗೆ ಜೀವದಾನ ಮಾಡಿದ ಪುಣ್ಯಸ್ಥಳ. ಅಲ್ಲಿ ಕಾಳು ತಿನ್ನುವ ಹಕ್ಕಿಗಳನ್ನು ಒಳಗೆ ಇರಿಸಿಕೊಂಡು ಆರೈಕೆ ಮಾಡುತ್ತಾರೆ. ಮಾಂಸ ತಿನ್ನುವ ಹದ್ದು, ಗಿಡುಗಗಳಿಗೆ ಮದ್ದು ಹಾಕಿ ಕಳಿಸುತ್ತಾರೆ. ಅವರ ವ್ರತದೊಳಗೆ ಅವರು ಮಾಡಬಲ್ಲುದು ಅಷ್ಟು. ಅದೇ ನಗರದಲ್ಲಿ ಮೊಹಮ್ಮದ್ ಸೌದ್, ನದೀಮ್ ಶೆಹಜಾದ್ ಎಂಬ ಸೋದರರು ಗಾಯಗೊಂಡ ಹದ್ದುಗಳಿಗಾಗಿ ತಮ್ಮ ಮನೆಯನ್ನೇ ಆಸ್ಪತ್ರೆಯನ್ನಾಗಿಸಿದರು. ೨೦೨೨ರಲ್ಲಿ ಅವರ ಸೇವೆಯನ್ನು ಕುರಿತ ಸಾಕ್ಷ್ಯಚಿತ್ರವೊಂದು ಲೋಕದ ಮನ್ನಣೆ ಪಡೆಯಿತು. ಒಬ್ಬರ ಕೈ ನಿಂತಲ್ಲಿ ಇನ್ನೊಬ್ಬರ ಕೈ ಮುಂದುವರಿದರೆ ದಯೆಗೆ ಕೊರತೆ ಬೀಳದು.

ನಮ್ಮ ಅಭಿಪ್ರಾಯದಲ್ಲಿ ಉತ್ತರ ಸರಳವಾಗಿದೆ. ಆಹಾರದ ನಿಯಮವು ನಾವು ನಮಗೆ ಹಾಕಿಕೊಂಡ ಕಟ್ಟು. ಹುಲ್ಲು ಹಸುವಿಗೆ, ಇಲಿ ಗೂಬೆಗೆ ಸೃಷ್ಟಿಯೇ ಇತ್ತ ಅನ್ನ. ಹಕ್ಕಿಯನ್ನು ನಮ್ಮ ಪಂಕ್ತಿಯಲ್ಲಿ ಕೂರಿಸಿ ಉಪವಾಸ ಕೆಡಹುವುದು ದಯೆಯಾಗದು. ದಾಸೋಹದಲ್ಲಿ ಅವರವರಿಗೆ ಸಾಧ್ಯವಾದುದನ್ನು ಅವರವರು ತರುತ್ತಾರಲ್ಲವೆ? ಒಂದು ಮನೆ ಪೆಟ್ಟಿಗೆ ಕೊಡಲಿ, ಒಂದು ಮನೆ ವಾಹನ ಕೊಡಲಿ, ಒಂದು ಮನೆ ಔಷಧಿಯ ಖರ್ಚು ವಹಿಸಲಿ. ಉಣಿಸುವ ಕೆಲಸವನ್ನು ಮಾಡಬಲ್ಲ ನೆರೆಯವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರೊಡನೆ ಕೂಡಿ ನಡೆಯುವುದರಿಂದ ನಮ್ಮ ವ್ರತವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಆಸರೆಯ ಕ್ರಮ

ಸೇವೆಗೆ ಮನಸ್ಸಿನಷ್ಟೇ ತಿಳಿವಳಿಕೆಯೂ ಬೇಕು. ನೆಲದ ಮೇಲೆ ಕಂಡ ಪ್ರತಿ ಮರಿಯೂ ಅನಾಥವಲ್ಲ. ಗಾಯವಿಲ್ಲದ, ಗರಿ ಮೂಡಿದ ಮರಿಯಾದರೆ ಅದೇ ಮರದ ಕೊಂಬೆಗೆ ಏರಿಸಿ ದೂರ ಸರಿಯಬೇಕು. ಕತ್ತಲಾದ ಮೇಲೆ ತಾಯಿ ಬಂದು ಉಣಿಸುತ್ತದೆ. ಗಾಯವಾಗಿದ್ದರೆ ಬಟ್ಟೆ ಹಾಕಿ ಮೆಲ್ಲನೆ ಹಿಡಿದು, ಗಾಳಿಯಾಡುವ ತೂತುಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ, ಬೆಚ್ಚಗೆ, ನಿಶ್ಶಬ್ದವಾಗಿ ಇರಿಸಬೇಕು. ಗೂಬೆಯ ಉಗುರು ಹರಿತವಾದುದು; ಬರಿಗೈಯಲ್ಲಿ ಹಿಡಿಯಬಾರದು. ಬಾಯಿಗೆ ನೀರು ಸುರಿದರೆ ಉಸಿರುನಾಳಕ್ಕೆ ಹೋಗಿ ಪ್ರಾಣವೇ ಹೋದೀತು. ಬಳಿಕ ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸಬೇಕು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಹಕ್ಕಿ ಕೈಗೆ ಬಂದರೆ ೪೮ ಗಂಟೆಗಳೊಳಗೆ ಪೋಲಿಸು ಠಾಣೆಗೋ ಅಧಿಕಾರಿಗೋ ವರದಿ ಮಾಡುವುದು ಕಡ್ಡಾಯ. ಅದನ್ನು ಮನೆಯಲ್ಲಿ ಸಾಕಿಕೊಳ್ಳುವುದು ಅಪರಾಧ.

ಇಲಾಖೆಯ ಅನುಮತಿ ಪಡೆದು ನಡೆಯುವ ಆಶ್ರಯದಲ್ಲಿ ಬಂದ ಹಕ್ಕಿಯ ದಿನಾಂಕ, ಸ್ಥಳ, ಗಾಯ, ತೂಕಗಳ ದಾಖಲೆ ಇರಬೇಕು. ರೋಗದ ಹಕ್ಕಿಗೆ ಬೇರೆ ಕೋಣೆ, ಚೇತರಿಸಿದುದಕ್ಕೆ ರೆಕ್ಕೆ ಬಿಚ್ಚಿ ಹಾರಲು ಉದ್ದನೆಯ ಪಂಜರ ಇರಬೇಕು. ಪ್ರದರ್ಶನ, ಮುದ್ದಾಟ ಸಲ್ಲದು. ಮನುಷ್ಯರ ಕೈಯಲ್ಲಿಯೇ ಬೆಳೆದ ಮರಿ ಮನುಷ್ಯನನ್ನೇ ತನ್ನ ಕುಲವೆಂದು ಬಗೆದು ಮುಂದೆ ಬಾಳಲಾರದಾಗುತ್ತದೆ. ಬೇಟೆಯಾಡಲು ಕಲಿತ ಮೇಲೆ, ಅದು ಸಿಕ್ಕಿದ ಸೀಮೆಯಲ್ಲಿಯೇ ಸಂಜೆಯ ಹೊತ್ತು ಬಿಡುಗಡೆ ಮಾಡಬೇಕು. ಇಲ್ಲಿ ಸೇವೆಯ ಫಲವೆಂದರೆ ಹಕ್ಕಿ ನಮ್ಮನ್ನು ಮರೆತು ಹಾರಿಹೋಗುವುದು. ಪ್ರತಿಫಲ ಬಯಸದ ಕಾಯಕಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಯಾವುದು?

ಕಬ್ಬಿನ ಒಕ್ಕಲಿಗರಿಗೆ ಇದರಲ್ಲಿ ಲೌಕಿಕ ಲಾಭವೂ ಇದೆ. ಕಣಜ ಗೂಬೆಯೊಂದು ರಾತ್ರಿಗೆ ಎರಡು ಮೂರು ಇಲಿಗಳನ್ನು ಹಿಡಿಯುತ್ತದೆ. ಮರಿಗಳಿದ್ದಾಗ ಇನ್ನೂ ಹೆಚ್ಚು. ಮಲೇಷ್ಯಾದ ತಾಳೆತೋಟಗಳಲ್ಲಿಯೂ ಇಸ್ರೇಲಿನ ಹೊಲಗಳಲ್ಲಿಯೂ ೧೯೮೦ರ ದಶಕದಿಂದ ಕಂಬಗಳಿಗೆ ಮರದ ಪೆಟ್ಟಿಗೆ ಕಟ್ಟಿ ಈ ಹಕ್ಕಿಯನ್ನು ಬರಮಾಡಿಕೊಂಡಿದ್ದಾರೆ. ನಮ್ಮ ನೆರೆಯ ಪುಣೆ ಜಿಲ್ಲೆಯ ಪಿಂಗೋರಿ ಎಂಬ ಹಳ್ಳಿಯಲ್ಲಿ ಇಲಾ ಫೌಂಡೇಶನ್ ೨೦೧೮ರಲ್ಲಿ ಗೂಬೆಯ ಉತ್ಸವವನ್ನೇ ನಡೆಸಿತು. ಶಾಲೆಯ ಮಕ್ಕಳು ಅಪಶಕುನದ ಹಕ್ಕಿಯ ಚಿತ್ರ ಬರೆದು, ಹಾಡು ಹೇಳಿ, ಭಯವನ್ನು ಕಳೆದುಕೊಂಡರು.

ಶರಣಬಂಧುಗಳೇ, ಐದು ತಾಲೂಕುಗಳ ಮನೆಗಳಿಂದ ನಾವು ಬಯಸುವುದು ದೊಡ್ಡದೇನಲ್ಲ. ಹೊಲದ ಬದುವಿನಲ್ಲಿ ಪೊಟರೆಯುಳ್ಳ ಒಂದು ಮುದಿಮರವನ್ನು ಕಡಿಯದೆ ಬಿಡಿರಿ. ಮಠ, ಗುಡಿಗಳ ಜೀರ್ಣೋದ್ಧಾರದಲ್ಲಿ ಸಂದು ಮುಚ್ಚುವ ಮೊದಲು ಒಳಗೆ ಗೂಡಿದೆಯೇ ಎಂದು ನೋಡಿರಿ. ರವದಿಯನ್ನು ಸುಡದೆ ಗೊಬ್ಬರ ಮಾಡಿರಿ. ಗೂಬೆ ಮಾರುವವರು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿರಿ. ಊರಿಗೆ ನಾಲ್ವರು ತರುಣರು ಪಶುವೈದ್ಯರಿಂದ ಪ್ರಥಮೋಪಚಾರ ಕಲಿಯಲಿ. ಭಾರತ ಹುಣ್ಣಿಮೆಯಿಂದ ಯುಗಾದಿಯವರೆಗೆ ಮರಿಗಳು ಬೀಳುವ ಕಾಲ; ಅದಕ್ಕೆ ಮುಂಚೆ ಊರಿಗೊಂದು ರಟ್ಟಿನ ಪೆಟ್ಟಿಗೆ, ಒಂದು ದಪ್ಪ ಬಟ್ಟೆ, ವೈದ್ಯರ ದೂರವಾಣಿ ಸಂಖ್ಯೆ ಸಿದ್ಧವಿದ್ದರೆ ಆಸರೆಯ ಅರ್ಧ ಕೆಲಸ ಮುಗಿದಂತೆ.