ಕಡಿಯಾಕ ಅಲ್ರಿ, ಕಾಯಾಕ

ವಿದ್ಯುತ್ ದರ ಏರಿದಾಗಲೆಲ್ಲ ನಾವು ಸ್ಟ್ರಿಂಜರ್‌ಗಳು ಬರೆಯುವ ಸುದ್ದಿ ಒಂದೇ: ‘ಸಣ್ಣ ಕೈಗಾರಿಕೆಗಳಿಗೆ ಶಾಕ್’. ಮಾಲೀಕರ ಎರಡು ಹೇಳಿಕೆ, ಒಂದು ಫೋಟೊ, ಅಲ್ಲಿಗೆ ಮುಗಿಯಿತು. ಬೆಳಗಾವಿಯ ಉದ್ಯಮಬಾಗ್‌ನ ಒಂದು ಮಷಿನ್ ಶಾಪ್‌ಗೂ ಅದೇ ಸುದ್ದಿ ಹುಡುಕಿಕೊಂಡು ಹೋಗಿದ್ದೆವು.

ಮಾಲೀಕರು ಫೋನಿನಲ್ಲಿದ್ದರು. ಕಾಯುತ್ತ ಸಿಎನ್‌ಸಿ ಲೇತ್ ಪಕ್ಕ ನಿಂತೆವು. ಅದರಲ್ಲಿದ್ದದ್ದು ಹಾರ್ಡನಿಂಗ್ ಆದ ಉಕ್ಕಿನ ಶಾಫ್ಟ್. ಗಡಸುತನ 60 ಎಚ್‌ಆರ್‌ಸಿ. ಅರ ಉಜ್ಜಿದರೆ ಜಾರುವಷ್ಟು ಗಟ್ಟಿ.

‘ಇದನ್ನ ಕಡಿಯಾಕ ಭಾಳ ಕರೆಂಟ್ ಬೇಕಲ್ರಿ ಕಾಕಾ?’ ಎಂದೆವು.

ಆಪರೇಟರ್ ನಕ್ಕರು. ‘ಕಡಿಯಾಕ ಅಲ್ರಿ, ಕಾಯಾಕ ಭಾಳ ಬೇಕು.’

ಆಮೇಲೆ ಬಿಡಿಸಿ ಹೇಳಿದರು. ಗಡಸು ಲೋಹವನ್ನು ತೆಳುವಾಗಿ, ನಿಧಾನವಾಗಿ ತೆಗೆಯಬೇಕು. ಅಷ್ಟು ಹೊತ್ತೂ ಹೈಡ್ರಾಲಿಕ್ ಪಂಪ್, ಕೂಲಂಟ್ ಪಂಪ್, ಪ್ಯಾನೆಲ್ ಫ್ಯಾನ್ ಓಡುತ್ತಲೇ ಇರುತ್ತವೆ. ಪೀಸ್ ಬದಲಿಸುವಾಗ, ಅಳತೆ ನೋಡುವಾಗ, ಚಹಾಕ್ಕೆ ಹೋದಾಗಲೂ ಅವನ್ನು ಯಾರೂ ನಿಲ್ಲಿಸುವುದಿಲ್ಲ. ಮನೆಗೆ ಬಂದು ಓದಿದಾಗ ಅವರ ಮಾತಿಗೆ ಲೆಕ್ಕವೂ ಸಿಕ್ಕಿತು. ಅಮೆರಿಕದ ಎಂಐಟಿಯ ತಿಮೊಥಿ ಗುಟೋವ್‌ಸ್ಕಿ ಮತ್ತು ಸಂಗಡಿಗರ 2006ರ ಪ್ರಬಂಧದ ಪ್ರಕಾರ, ವಾಹನ ಬಿಡಿಭಾಗಗಳ ಒಂದು ಮಷಿನಿಂಗ್ ಲೈನ್‌ನಲ್ಲಿ ಲೋಹ ಕತ್ತರಿಸಲೆಂದೇ ಖರ್ಚಾದ ಶಕ್ತಿ ಹೆಚ್ಚೆಂದರೆ ಶೇ 14.8.

ಕಾಕಾ ಹೇಳಿದ ದಾರಿಗಳು ಸರಳ. ಕೆಲಸವಿಲ್ಲದಾಗ ಪಂಪ್ ಬಂದ್ ಮಾಡಬೇಕು. ಆಗುವ ಕಡೆ ಗ್ರೈಂಡಿಂಗ್ ಬದಲು ಸಿಬಿಎನ್ ಇನ್ಸರ್ಟ್ ಹಾಕಿ ಲೇತ್‌ನಲ್ಲೇ ಮುಗಿಸಬೇಕು. ಗ್ರೈಂಡಿಂಗ್ ಚಕ್ರ ಲೋಹವನ್ನು ಪುಡಿ ಮಾಡುತ್ತದೆ. ಅಷ್ಟೇ ಲೋಹ ತೆಗೆಯಲು ಅದಕ್ಕೆ ಹೆಚ್ಚು ಶಕ್ತಿ ಬೇಕು. ಲೇತ್‌ನಲ್ಲಾದರೆ ಎಷ್ಟೋ ಸಲ ಕೂಲಂಟೂ ಬೇಡ. ಇನ್ಸರ್ಟ್ ದುಬಾರಿಯೆಂದು ಮೊಂಡಾದ ಮೇಲೂ ಓಡಿಸಿದರೆ ಮೋಟರ್ ಮೇಲೆ ಭಾರ. ಪೀಸ್ ರಿಜೆಕ್ಟ್ ಆದರಂತೂ ಫರ್ನೇಸ್‌ನಿಂದ ಇಲ್ಲಿಯವರೆಗೆ ಸುರಿದ ಕರೆಂಟೆಲ್ಲ ಗುಜರಿಗೆ.

‘ಇದನ್ನ ಮಾಲೀಕರಿಗೆ ಹೇಳೀರೇನ್ರಿ?’

‘ನಮ್ಮನ್ನ ಯಾರು ಕೇಳ್ತಾರ್ರಿ? ನೀವೂ ಸಾಹೇಬ್ರನ್ನ ಕೇಳಾಕs ಬಂದೀರಿ.’

ನಮಗೆ ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷಗಳಲ್ಲಿ ನಾವು ಬರೆದ ಕೈಗಾರಿಕೆ ಸುದ್ದಿಗಳಲ್ಲಿ ಮಷಿನ್ ಮುಂದೆ ನಿಂತವರ ಒಂದು ಮಾತೂ ಇರಲಿಲ್ಲ.

ಅವರು ಹೇಳಿದ್ದನ್ನೆಲ್ಲ ಹೆಸರಿಲ್ಲದೆ ಬರೆದು ಕಳಿಸಿದೆವು. ಮರುದಿನ ಅಚ್ಚಾದದ್ದು ಮಾಲೀಕರ ಎರಡು ಹೇಳಿಕೆ, ಒಂದು ಫೋಟೊ. ಕಾಕಾನ ಪಾಲು ಡೆಸ್ಕಿನಲ್ಲೇ ಉಳಿಯಿತು, ಆದ್ದರಿಂದ ಇಲ್ಲಿ ಬರೆದಿದ್ದೇವೆ. ಗೆಳೆಯರೇ, ನಿಮ್ಮ ಜಿಲ್ಲೆಯ ಶೆಡ್‌ಗಳಿಗೆ ಹೋದಾಗ ಮಾಲೀಕರ ಫೋನು ಮುಗಿಯುವ ತನಕ ಸುಮ್ಮನೆ ಕೂರಬೇಡಿ. ಲೇತ್ ಹತ್ತಿರ ಹೋಗಿ ನಿಲ್ಲಿ.